ವಿ-ರ್ಯಾಮ್: ಗ್ರಾಫಿಕ್ಸ್ ಕಾರ್ಡಿನ ಡಬ್ಬಿಯ ಮೇಲಿರುವ ಆ 'ಜಿಬಿ' ಏನು?

ಹುಬ್ಬಳ್ಳಿಯ ಕೊಪ್ಪಿಕರ್ ರಸ್ತೆ ಕಡೆಯ ಕಂಪ್ಯೂಟರ್ ಅಂಗಡಿಗಳಲ್ಲಿ ಸ್ವಲ್ಪ ಹೊತ್ತು ನಿಂತರೆ ಈ ಪ್ರಶ್ನೆ ಕಿವಿಗೆ ಬೀಳುತ್ತದೆ: "4 ಜಿಬಿ ಗ್ರಾಫಿಕ್ಸ್ ಕಾರ್ಡ್ ಎಷ್ಟ್ರಿ?" ಅಂಗಡಿಯವರು ರೇಟ್ ಹೇಳುತ್ತಾರೆ, ಚೌಕಾಶಿ ಶುರುವಾಗುತ್ತದೆ. ಯಾವ ಕಾರ್ಡ್ ಅನ್ನುವ ಮಾತೇ ಎಷ್ಟೋ ಸಲ ಬರುವುದಿಲ್ಲ. ಆ 4 ಜಿಬಿ ಅನ್ನುವುದು ವಿ-ರ್ಯಾಮ್‌ನ ಅಳತೆ. ಕಡಿಮೆ ಬಜೆಟ್ಟಿನವರು ಜಾಸ್ತಿ ನಂಬುವ ಅಂಕಿ ಇದು. ಅವರ ದುಡ್ಡು ಜಾಸ್ತಿ ಪೋಲಾಗುವುದೂ ಇದರಿಂದಲೇ.

ವಿ-ರ್ಯಾಮ್ ಅಂದರೆ ವೀಡಿಯೊ ರ್ಯಾಮ್. ಗ್ರಾಫಿಕ್ಸ್ ಕಾರ್ಡಿನಲ್ಲೇ, ಚಿತ್ರ ಬಿಡಿಸುವ ಅದರ ಚಿಪ್ಪಿನ (ಜಿಪಿಯು) ಸುತ್ತ ಕೂರಿಸಿರುವ ಮೆಮೊರಿ. ತೆರೆಯ ಮೇಲೆ ಮೂಡಬೇಕಾದ ಚಿತ್ರದ ಸಾಮಾನೆಲ್ಲ ಇಲ್ಲಿ ಇರುತ್ತದೆ.

ತೆರೆಯ ಚಿತ್ರಕ್ಕೆ ಬೇಕಾಗುವ ಜಾಗ ನಿಜಕ್ಕೂ ಚಿಕ್ಕದು. ಮನೆಯ ಮಾನಿಟರ್ 1920×1080 ಇದ್ದರೆ ಅದರಲ್ಲಿ ಸುಮಾರು 20.7 ಲಕ್ಷ ಚುಕ್ಕಿಗಳು. ಒಂದೊಂದಕ್ಕೆ 4 ಬೈಟ್ ಹಿಡಿದರೂ ಇಡೀ ಚಿತ್ರಕ್ಕೆ 8.3 ಎಂಬಿ ಸಾಕು. ಹಾಗಾದರೆ 4 ಜಿಬಿ ಎಲ್ಲಿಗೆ ಹೋಗುತ್ತದೆ? ಟೆಕ್ಸ್ಚರ್‌ಗಳಿಗೆ. ಆಟದೊಳಗಿನ ಗೋಡೆ, ಹುಲ್ಲು, ಬಟ್ಟೆ, ಮುಖ ಇವುಗಳ ಮೇಲೆ ಹೊದಿಸುವ ಚಿತ್ರಗಳು ಇವು. 4096×4096 ಅಳತೆಯ ಒಂದೇ ಟೆಕ್ಸ್ಚರ್ ಕುಗ್ಗಿಸದೆ ಇಟ್ಟರೆ 64 ಎಂಬಿ ಬೇಡುತ್ತದೆ. ಕುಗ್ಗಿಸಿದರೂ 16 ಎಂಬಿ ಆಗಬಹುದು. ಇಂಥವು ನೂರಾರು ಸೇರಿದಾಗ ಜಾಗ ತುಂಬಿಹೋಗುತ್ತದೆ.

ಜಾಗ ತುಂಬಿದ ಮೇಲೆ ಏನಾಗುತ್ತದೆ ಅನ್ನುವುದು ಮುಖ್ಯ. ಕಾರ್ಡ್ ಉಳಿದದ್ದನ್ನು ಕಂಪ್ಯೂಟರಿನ ಮಾಮೂಲಿ ರ್ಯಾಮ್‌ನಲ್ಲಿ ಇಟ್ಟು, ಬೇಕಾದಾಗ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್ ಮೂಲಕ ತರಿಸಿಕೊಳ್ಳುತ್ತದೆ. ಪಿಸಿಐ ಎಕ್ಸ್‌ಪ್ರೆಸ್ 3.0 ಮದರ್‌ಬೋರ್ಡಿನಲ್ಲಿ 16 ಲೇನ್ (ಮಾಹಿತಿ ಓಡುವ ಸಾಲುಗಳು) ಪೂರ್ತಿ ಇದ್ದರೂ ಆ ದಾರಿಯಲ್ಲಿ ಸೆಕೆಂಡಿಗೆ ಸುಮಾರು 16 ಜಿಬಿ ಹೋಗುತ್ತದೆ, ಅಷ್ಟೇ. ಆಟ ಚೆನ್ನಾಗಿ ಓಡುತ್ತಾ ಇದ್ದು, ತಿರುವಿನಲ್ಲಿ ತಟ್ಟನೆ ಒಮ್ಮೆ ನಿಂತು ಮತ್ತೆ ಓಡುತ್ತದಲ್ವಾ, ಎಷ್ಟೋ ಸಲ ಅದಕ್ಕೆ ಇದೇ ಕಾರಣ. ಎಎಂಡಿ ಕಂಪನಿಯ ಆರ್‌ಎಕ್ಸ್ 6400 ಮತ್ತು 6500 ಎಕ್ಸ್‌ಟಿ ಕಾರ್ಡುಗಳಿಗೆ 4 ಲೇನ್ ಮಾತ್ರ ಇದೆ. ಹಳೆಯ ಪಿಸಿಐ ಎಕ್ಸ್‌ಪ್ರೆಸ್ 3.0 ಬೋರ್ಡಿನಲ್ಲಿ ಅವುಗಳ ದಾರಿ ಸೆಕೆಂಡಿಗೆ ಸುಮಾರು 4 ಜಿಬಿಗೆ ಇಳಿಯುತ್ತದೆ. ಸೆಕೆಂಡ್ ಹ್ಯಾಂಡ್ ಪಿಸಿಗೆ ಕಾರ್ಡ್ ಹುಡುಕುವವರು ಇದನ್ನು ನೆನಪಿಡಬೇಕು.

ಇಷ್ಟು ಹೇಳಿದರೆ "ಹಾಗಾದ್ರೆ ಜಿಬಿ ಜಾಸ್ತಿ ಇದ್ದಷ್ಟೂ ಒಳ್ಳೇದು" ಅನಿಸುತ್ತದೆ. ಎಡವುವುದೇ ಇಲ್ಲಿ. ಜಿಬಿ ಹೇಳುವುದು ಜಾಗ ಎಷ್ಟಿದೆ ಅಂತ. ಒಳಗಿನ ಸಾಮಾನು ಚಿಪ್ಪಿಗೆ ಎಷ್ಟು ಬೇಗ ತಲುಪುತ್ತದೆ ಅನ್ನುವುದನ್ನು ಹೇಳುವ ಅಂಕಿಯೇ ಬೇರೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಗೋದಾಮು ನೋಡಿದವರಿಗೆ ಇದು ಬೇಗ ತಿಳಿದೀತು. ಗೋದಾಮು ಎಷ್ಟೇ ದೊಡ್ಡದಿರಲಿ, ಬಾಗಿಲಲ್ಲಿ ಒಬ್ಬ ಹಮಾಲ ಮಾತ್ರ ನುಗ್ಗುವಂತಿದ್ದರೆ ಲಾರಿ ತುಂಬಲು ಇಡೀ ದಿನ ಬೇಕು. ಕಾರ್ಡಿನಲ್ಲಿ ಆ ಬಾಗಿಲಿನ ಅಗಲಕ್ಕೆ ಬಸ್ ವಿಡ್ತ್ ಅನ್ನುತ್ತಾರೆ. ಅದನ್ನು ಬಿಟ್‌ಗಳಲ್ಲಿ ಅಳೆಯುತ್ತಾರೆ: 64, 96, 128 ಹೀಗೆ. ಮೆಮೊರಿಯ ತಳಿಯೂ ಲೆಕ್ಕಕ್ಕೆ ಬರುತ್ತದೆ. ಡಿಡಿಆರ್3 ನಿಧಾನ, ಜಿಡಿಡಿಆರ್5 ಚುರುಕು, ಜಿಡಿಡಿಆರ್6 ಇನ್ನೂ ಚುರುಕು. ಅಗಲ ಮತ್ತು ಚುರುಕು ಎರಡೂ ಸೇರಿದರೆ ಬ್ಯಾಂಡ್‌ವಿಡ್ತ್.

ಈಗ ಎರಡು ಡಬ್ಬಿ ಪಕ್ಕಪಕ್ಕ ಇಡೋಣ. ಎರಡರ ಮೇಲೂ 4 ಜಿಬಿ. ಒಂದು 2014ರಲ್ಲಿ ಬಂದ, ಎನ್‌ವಿಡಿಯಾ ಕಂಪನಿಯ ಜಿಟಿ 730, ಅದರ 64 ಬಿಟ್ ಡಿಡಿಆರ್3 ಮಾದರಿ. ಬ್ಯಾಂಡ್‌ವಿಡ್ತ್ ಸೆಕೆಂಡಿಗೆ ಸುಮಾರು 14 ಜಿಬಿ. ಇನ್ನೊಂದು ಅದೇ ಕಂಪನಿಯ 2019ರ ಜಿಟಿಎಕ್ಸ್ 1650. ಅದರ ಜಿಡಿಡಿಆರ್5 ಮಾದರಿಯದ್ದು 128 ಜಿಬಿ. ಬರೆದ ಅಂಕಿ ಒಂದೇ, ಒಳಗೆ ಒಂಬತ್ತು ಪಟ್ಟು ಅಂತರ. ಜಿಟಿ 730ರ ಚಿಪ್ಪೂ ಬಡಕಲು. ಆ 4 ಜಿಬಿ ತುಂಬುವಂಥ ಆಟವನ್ನು ಓಡಿಸುವ ಶಕ್ತಿಯೇ ಅದಕ್ಕಿಲ್ಲ. ಮೇಲಾಗಿ, ಜಿಟಿ 730ರಲ್ಲಿ ಹೆಚ್ಚಾಗಿ ಸಿಗುವ ಕೆಪ್ಲರ್ ಪೀಳಿಗೆಯ ಚಿಪ್ಪಿಗೆ ಎನ್‌ವಿಡಿಯಾ ಹೊಸ ಆಟಗಳ ಡ್ರೈವರ್ (ಕಾರ್ಡ್ ನಡೆಸುವ ತಂತ್ರಾಂಶ) ಕೊಡುವುದನ್ನು 2021ರಲ್ಲೇ ನಿಲ್ಲಿಸಿತು.

ಒಂದೇ ಹೆಸರಿನಲ್ಲೂ ಈ ಅಂತರ ಅಡಗಿರುತ್ತದೆ. ನನಗೆ ತೀರಾ ಅನ್ಯಾಯ ಅನಿಸುವುದು ಇದು. 2017ರಲ್ಲಿ ಬಂದ ಜಿಟಿ 1030ಗೆ 2 ಜಿಬಿ ಜಿಡಿಡಿಆರ್5 ಇತ್ತು, ಬ್ಯಾಂಡ್‌ವಿಡ್ತ್ 48 ಜಿಬಿ. ಮರುವರ್ಷ ಅದೇ ಹೆಸರಿನಲ್ಲಿ ಡಿಡಿಆರ್4 ಹಾಕಿದ ಕಾರ್ಡ್ ಬಂತು, ಬ್ಯಾಂಡ್‌ವಿಡ್ತ್ 16.8 ಜಿಬಿಗೆ ಇಳಿದಿತ್ತು. ಆರ್‌ಟಿಎಕ್ಸ್ 3050 ಕೂಡ ಹಾಗೆಯೇ. 2022ರ 8 ಜಿಬಿ ಕಾರ್ಡಿಗೆ 128 ಬಿಟ್, ಬ್ಯಾಂಡ್‌ವಿಡ್ತ್ 224 ಜಿಬಿ. 2024ರ 6 ಜಿಬಿ ಕಾರ್ಡಿಗೆ 96 ಬಿಟ್, ಬ್ಯಾಂಡ್‌ವಿಡ್ತ್ 168 ಜಿಬಿ, ಚಿಪ್ಪಿನೊಳಗೆ ಲೆಕ್ಕ ಹಾಕುವ ಕೋರ್‌ಗಳೂ ಕಡಿಮೆ. 2 ಜಿಬಿ ಜಾಗ ಮಾತ್ರ ಕಡಿಮೆ ಅಂದುಕೊಂಡರೆ ತಪ್ಪಾಗುತ್ತದೆ.

ಹಾಗಂತ ಆ 6 ಜಿಬಿ ಕಾರ್ಡನ್ನು ನಾನು ತಳ್ಳಿಹಾಕುವುದಿಲ್ಲ. ಅದು 70 ವ್ಯಾಟ್‌ನಲ್ಲಿ ನಡೆಯುತ್ತದೆ. ಸ್ಲಾಟೇ 75 ವ್ಯಾಟ್ ಕೊಡುತ್ತದೆ, ಆದ್ದರಿಂದ ಬೇರೆ ಪವರ್ ಕೇಬಲ್ ಬೇಕಿಲ್ಲ. ಕಚೇರಿಗಳಿಂದ ಹೊರಬಂದ ಹಳೆಯ ಪಿಸಿ ತಂದು ಮನೆಯಲ್ಲಿಟ್ಟವರಿಗೆ, ಅದರ ಸಣ್ಣ ಎಸ್‌ಎಂಪಿಎಸ್ (ಕರೆಂಟ್ ಒದಗಿಸುವ ಡಬ್ಬಿ) ಬದಲಿಸಲು ಆಗದವರಿಗೆ, ಇದು ದೊಡ್ಡ ಅನುಕೂಲ. ಪೆಟ್ಟಿಗೆಯೊಳಗೆ ಹಿಡಿಸುತ್ತದಾ ಅಂತ ಮಾತ್ರ ಮೊದಲೇ ಅಳತೆ ನೋಡಿಕೊಳ್ಳಿ.

ಇನ್ನೊಂದು ಮಾತು, ಇದನ್ನು ಎಲ್ಲರಿಗೂ ಹೇಳಬೇಕು ಅನಿಸುತ್ತದೆ. ಪ್ರೊಸೆಸರಿನೊಳಗೇ ಇರುವ ಗ್ರಾಫಿಕ್ಸ್‌ಗೆ ಸ್ವಂತ ವಿ-ರ್ಯಾಮ್ ಇಲ್ಲ, ಅದು ಮಾಮೂಲಿ ರ್ಯಾಮ್‌ನಲ್ಲೇ ಪಾಲು ತೆಗೆದುಕೊಳ್ಳುತ್ತದೆ. ಡಿಡಿಆರ್4-3200 ರ್ಯಾಮ್‌ನ ಒಂದೇ ಸ್ಟಿಕ್ ಇದ್ದರೆ ಬ್ಯಾಂಡ್‌ವಿಡ್ತ್ 25.6 ಜಿಬಿ, ಸರಿಯಾದ ಸ್ಲಾಟಿನಲ್ಲಿ ಎರಡು ಸ್ಟಿಕ್ ಇದ್ದರೆ 51.2 ಜಿಬಿ. ಆ ಜಿಟಿ 730ರ 14 ಜಿಬಿ ಪಕ್ಕ ಇದನ್ನಿಟ್ಟು ನೋಡಿ. ಮನೆಯಲ್ಲಿ ರೈಜೆನ್ 5 5600ಜಿಯಂಥ ಪ್ರೊಸೆಸರ್ ಇದ್ದು ಒಂದೇ ಸ್ಟಿಕ್ ಇದ್ದರೆ, ಅಗ್ಗದ ಕಾರ್ಡ್ ಬೇಡ. ಇನ್ನೊಂದು ಸ್ಟಿಕ್ ಹಾಕಿಸಿ. ಆಟ ಚುರುಕಾಗುತ್ತದೆ. ಜಿಟಿ 730ರಂಥ ಕಾರ್ಡಿಗೆ ಇವತ್ತು ಉಳಿದಿರುವ ಕೆಲಸ ಒಂದು: ಹೆಸರಿನ ಕೊನೆಗೆ ಎಫ್ ಇರುವ ಇಂಟೆಲ್ ಪ್ರೊಸೆಸರ್‌ಗಳಿಗೆ ಒಳಗೆ ಗ್ರಾಫಿಕ್ಸ್ ಇರುವುದಿಲ್ಲ, ಅಂಥ ಪಿಸಿಯಲ್ಲಿ ತೆರೆ ಹೊತ್ತಿಸಲು ಏನಾದರೂ ಬೇಕು.

ಎಷ್ಟು ಜಿಬಿ ಬೇಕು ಅನ್ನುವುದು ಕೆಲಸದ ಮೇಲೆ ನಿಂತಿದೆ. ವಿದ್ಯಾನಗರದಲ್ಲಿ ರೂಮ್ ಮಾಡಿಕೊಂಡಿರುವ ಎಂಜಿನಿಯರಿಂಗ್ ಹುಡುಗರಿಗೆ ಆಟೊಕ್ಯಾಡ್‌ನಲ್ಲಿ 2ಡಿ ಡ್ರಾಯಿಂಗ್, ಜೊತೆಗೆ ವ್ಯಾಲೊರಂಟ್ ಆಟ ಇಷ್ಟೇ ಆದರೆ 4 ಜಿಬಿಯ ಒಳ್ಳೆಯ ಕಾರ್ಡ್ ಧಾರಾಳ ಆಯಿತು. ಗದಗ, ಹಾವೇರಿ ಕಡೆ ಮದುವೆ ವೀಡಿಯೊ ಎಡಿಟ್ ಮಾಡುವವರ ಕಥೆ ಬೇರೆ. 4ಕೆ ಶೂಟ್ ಮಾಡಿ ಡಾವಿಂಚಿ ರಿಸಾಲ್ವ್‌ನಲ್ಲಿ ಬಣ್ಣ ತಿದ್ದುವಾಗ 4 ಜಿಬಿ ಬೇಗ ತುಂಬುತ್ತದೆ, 'ಜಿಪಿಯು ಮೆಮೊರಿ ಫುಲ್' ಅಂತ ತೆರೆಯಲ್ಲಿ ಬರುತ್ತದೆ. ಅವರು 8 ಜಿಬಿಗೆ ಕಾಯುವುದೇ ಸರಿ. ಆರ್‌ಎಕ್ಸ್ 6400 ಅಂತೂ ಅವರಿಗೆ ಬೇಡವೇ ಬೇಡ. ವೀಡಿಯೊ ಹೊರತೆಗೆಯುವ ಕೆಲಸವನ್ನು ಬೇಗ ಮುಗಿಸುವ ಎನ್‌ಕೋಡರ್ ಅದರಲ್ಲಿ ಇಲ್ಲ.

ಹಳೆಯ ಕಾರ್ಡ್ ಕೊಳ್ಳುವಾಗ ಇನ್ನೊಂದು ಗೊಂದಲ ಬರುತ್ತದೆ. ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್‌ನಲ್ಲಿ ಜಿಪಿಯು ಮೆಮೊರಿ 12 ಜಿಬಿ ಅಂತ ಕಂಡರೆ ಹಿಗ್ಗಬೇಡಿ. ಡೆಡಿಕೇಟೆಡ್ ಅಂತ ಇರುವುದು ಮಾತ್ರ ಕಾರ್ಡಿನದು. ಶೇರ್ಡ್ ಅಂತ ಇರುವುದು ನಿಮ್ಮ ರ್ಯಾಮ್‌ನ ಅರ್ಧದಷ್ಟನ್ನು ಸೇರಿಸಿ ತೋರಿಸಿದ ಲೆಕ್ಕ.

ಜಿಪಿಯು-ಜಡ್ ಅನ್ನುವ ಉಚಿತ ತಂತ್ರಾಂಶ ಪೆನ್‌ಡ್ರೈವ್‌ನಲ್ಲಿ ಹಾಕಿಕೊಂಡು ಹೋಗಿ. ಮೆಮೊರಿಯ ತಳಿ, ಬಸ್ ವಿಡ್ತ್, ಬ್ಯಾಂಡ್‌ವಿಡ್ತ್ ಎಲ್ಲವೂ ಒಂದೇ ಪುಟದಲ್ಲಿ ಕಾಣುತ್ತದೆ. ಹಳೆಯ ಚಿಪ್ಪಿನ ಬಯೋಸ್ (ಕಾರ್ಡಿನೊಳಗೇ ಬರೆದಿಟ್ಟ ತಂತ್ರಾಂಶ) ತಿದ್ದಿ ಜಿಟಿಎಕ್ಸ್ 1050 ಟಿಐ ಅಂತ ಮಾರುವ ನಕಲಿ ಕಾರ್ಡುಗಳು ಇವೆ. ಅಂಥವು ಸಿಕ್ಕಿದರೆ 2018ರಿಂದ ಈಚಿನ ಜಿಪಿಯು-ಜಡ್ ಹೆಸರಿನ ಪಕ್ಕದಲ್ಲೇ 'ಫೇಕ್' ಅಂತ ತೋರಿಸುತ್ತದೆ. ಹೊಸ ಕಾರ್ಡ್ ಆದರೆ ಬಿಲ್ಲಿನಲ್ಲಿ ಸುಮ್ನೆ '4 ಜಿಬಿ ಕಾರ್ಡ್' ಅಂತ ಬರೆಯಲು ಬಿಡಬೇಡಿ. ಮಾದರಿಯ ಪೂರ್ತಿ ಹೆಸರು, ಮೆಮೊರಿಯ ತಳಿ ಎರಡನ್ನೂ ಬರೆಸಿ, ಡಬ್ಬಿಯ ಜೊತೆ ತಾಳೆ ನೋಡಿ, ಆಮೇಲೆ ದುಡ್ಡು ಕೊಡಿ.