ಆಫೀಸಿನಲ್ಲಿ ಲೇಟಾಗಿ ಕೂತರೆ ಕೆಲಸ ಜಾಸ್ತಿ ಆಗುತ್ತಾ?

ಪ್ರಶ್ನೆ: ನಮ್ಮ ಟೀಮಿನಲ್ಲಿ ರಾತ್ರಿ ಒಂಬತ್ತರವರೆಗೆ ಕೂರುವವರಿಗೇ ಒಳ್ಳೆಯ ಹೆಸರು. ಆರಕ್ಕೆ ಎದ್ದರೆ ‘ಏನು, ಹಾಫ್ ಡೇನಾ?’ ಅಂತಾರೆ. ಹೆಚ್ಚು ಹೊತ್ತು ಕೂತರೆ ನಿಜವಾಗಿ ಕೆಲಸ ಜಾಸ್ತಿ ಆಗುತ್ತಾ?

ಉತ್ತರ: ಒಂದು ಮಟ್ಟದವರೆಗೆ ಆಗುತ್ತದೆ. ಆಮೇಲೆ ಸುಮ್ನೆ ಕೂತಿದ್ದೇ ಬಂತು.

ಇದನ್ನು ಅಳೆದು ನೋಡಿದವರಿದ್ದಾರೆ. ಮೊದಲ ಮಹಾಯುದ್ಧದ ಹೊತ್ತಿಗೆ ಬ್ರಿಟನ್ನಿನ ಮದ್ದುಗುಂಡಿನ ಕಾರ್ಖಾನೆಗಳಲ್ಲಿ ಎಷ್ಟು ಗಂಟೆ ದುಡಿದರೆ ಎಷ್ಟು ಮಾಲು ಅಂತ ಲೆಕ್ಕ ಬರೆದಿಟ್ಟಿದ್ದರು. ಸ್ಟ್ಯಾನ್‌ಫರ್ಡ್‌ನ ಅರ್ಥಶಾಸ್ತ್ರಜ್ಞ ಜಾನ್ ಪೆನ್‌ಕಾವೆಲ್ 2014ರಲ್ಲಿ ಆ ಹಳೇ ಲೆಕ್ಕವನ್ನು ಕೆದಕಿದರು. ವಾರಕ್ಕೆ ಸುಮಾರು 49 ಗಂಟೆವರೆಗೆ ದುಡಿಮೆಗೆ ತಕ್ಕ ಮಾಲು. ಅಲ್ಲಿಂದಾಚೆ ಇಳುವರಿ ಸೊರಗುತ್ತದೆ. 70 ಗಂಟೆ ದುಡಿದಾಗ ಬಂದ ಮಾಲಿಗೂ 56 ಗಂಟೆಯದಕ್ಕೂ ಹೆಚ್ಚೇನೂ ವ್ಯತ್ಯಾಸವಿರಲಿಲ್ಲ! 2023ರಲ್ಲಿ ನಾರಾಯಣ ಮೂರ್ತಿಯವರು ವಾರಕ್ಕೆ 70 ಗಂಟೆ ದುಡಿಯಿರಿ ಅಂದಾಗ ನನಗೆ ನೆನಪಾಗಿದ್ದು ಇದೇ ಲೆಕ್ಕ.

ಅದು ಕೈಕೆಲಸ, ನಮ್ಮದು ತಲೆಕೆಲಸ ಅಲ್ವಾ ಅನ್ನಬಹುದು. ತಲೆಕೆಲಸದಲ್ಲಿ ಹಾನಿ ಇನ್ನೂ ಜಾಸ್ತಿ ಅಂತಲೇ ನನ್ನ ಅನುಭವ. ಹಿಂದೆ ಇದ್ದ ಕಂಪನಿಯಲ್ಲಿ ಒಮ್ಮೆ ರಾತ್ರಿ ಹನ್ನೊಂದಕ್ಕೆ ಡೇಟಾ ಅಳಿಸುವ ಒಂದು ಡಿಲೀಟ್ ಕ್ವೆರಿ ಓಡಿಸಿದೆ. ಯಾವುದನ್ನು ಮಾತ್ರ ಅಳಿಸಬೇಕು ಅಂತ ಹೇಳುವ ‘ವೇರ್’ ಅನ್ನುವ ಸಾಲು ಹಾಕುವುದೇ ಮರೆತಿತ್ತು. ಟೆಸ್ಟ್ ಡೇಟಾ ಗುಡಿಸಿ ಗುಂಡಾಂತರವಾಯಿತು. ಮಾರನೇ ದಿನ ಮೂವರು ಮಧ್ಯಾಹ್ನದವರೆಗೆ ಕೂತು ಸರಿಮಾಡಿದೆವು. ಟೈಮ್‌ಶೀಟಿನಲ್ಲಿ ಮಾತ್ರ ನನ್ನದು ಹದಿನಾಲ್ಕು ಗಂಟೆ. ಅದಕ್ಕೊಂದು ಶಹಬ್ಬಾಸ್ ಬೇರೆ.

ಬೆಂಗಳೂರಿನಲ್ಲಿ ರಸ್ತೆಯ ಲೆಕ್ಕವೂ ಸೇರುತ್ತದೆ. ವಿಜಯನಗರದಿಂದ ಬೆಳ್ಳಂದೂರಿಗೆ ಹೋಗಿಬರುವವರ ಮೂರು ಗಂಟೆ ಟೈಮ್‌ಶೀಟಿಗೆ ಕಾಣುವುದಿಲ್ಲ, ಸೊಂಟಕ್ಕೆ ಕಾಣುತ್ತದೆ. ಕೆಲಸದ ಮೇಲಿನ ಹುಮ್ಮಸ್ಸು ಅರ್ಧ ಅಲ್ಲೇ ಸೋರಿಹೋಗುತ್ತದೆ. ಚೀನಾದ ಟ್ರಿಪ್.ಕಾಮ್ ಕಂಪನಿ ತನ್ನ 1,600ಕ್ಕೂ ಹೆಚ್ಚು ಉದ್ಯೋಗಿಗಳಲ್ಲಿ ಅರ್ಧದಷ್ಟು ಜನಕ್ಕೆ ವಾರಕ್ಕೆ ಎರಡು ದಿನ ಮನೆಯಿಂದ ಕೆಲಸ ಮಾಡಲು ಬಿಟ್ಟು ನೋಡಿತು. ಫಲಿತಾಂಶ 2024ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂತು. ಕೆಲಸ ಕೆಡಲಿಲ್ಲ. ಬಿಟ್ಟುಹೋಗುವವರ ಸಂಖ್ಯೆ ಮೂರನೇ ಒಂದರಷ್ಟು ಇಳಿಯಿತು, ಅದರಲ್ಲೂ ಹೆಂಗಸರು ಮತ್ತು ದೂರದಿಂದ ಬರುವವರಲ್ಲಿ. ಕೆಲಸ ಕುಸಿಯುತ್ತದೆ ಅಂತ ಮೊದಲೇ ಗೊಣಗಿದ್ದ ಮ್ಯಾನೇಜರ್‌ಗಳೂ ಕೊನೆಗೆ ಮಾತು ಬದಲಿಸಿದರು.

ಸಾಫ್ಟ್‌ವೇರ್ ರಿಲೀಸ್ ವಾರದಲ್ಲಿ ತಡವಾಗುವುದು ಇದ್ದದ್ದೇ, ಅದಕ್ಕೆ ತಕರಾರಿಲ್ಲ. ಉಳಿದ ದಿನ ಏಳುವ ಮುಂಚೆ ಇವತ್ತು ಮುಗಿದದ್ದೇನು ಅಂತ ಟೀಮ್ ಗ್ರೂಪಿಗೆ ಎರಡು ಸಾಲು ಹಾಕಿ. ‘ಹಾಫ್ ಡೇನಾ?’ ಅಂದವರಿಗೆ ಅದನ್ನೇ ತೋರಿಸಿ, ಹೊರಡಿ. ಆರಕ್ಕೆ ಹೊರಟರೂ ಸಿಲ್ಕ್ ಬೋರ್ಡ್ ದಾಟುವಾಗ ಏಳೂವರೆ ಆಗೇ ಆಗುತ್ತದೆ, ಆ ಮಾತು ಬೇರೆ.