ರೆಡ್ ಗಾರ್ಡ್‌ಗಳು ತಮ್ಮತಮ್ಮಲ್ಲೇ ಯಾಕೆ ಹೊಡೆದಾಡಿದ್ರು? ಸಾಂಸ್ಕೃತಿಕ ಕ್ರಾಂತಿ ನೋಟ್ಸ್

ಚೀನಾದ ಸಾಂಸ್ಕೃತಿಕ ಕ್ರಾಂತಿ (1966ರಲ್ಲಿ ಮಾವೋ ಪಕ್ಷದೊಳಗಿನ ಎದುರಾಳಿಗಳ ಮೇಲೆ ಶುರು ಮಾಡಿದ ಚಳವಳಿ, ಅದರ ವಿದ್ಯಾರ್ಥಿ ಪಡೆಗಳೇ ರೆಡ್ ಗಾರ್ಡ್) ಓದ್ತಾ ಮೂರು ದಿನ ಒಂದೇ ಕಡೆ ಸಿಕ್ಕಾಕೊಂಡಿದ್ದೆ, ನಿನ್ನೆ ರಾತ್ರಿ ಗಂಟು ಬಿಚ್ಕೊಳ್ತು, ಮರೆಯೋ ಮೊದ್ಲು ಬರೆದಿಡ್ತಿದೀನಿ. ಮಾವೋ ಅವರ ಗ್ರೇಟ್ ಲೀಪ್ (ದಿಢೀರ್ ಅಂತ ಉತ್ಪಾದನೆ ಹೆಚ್ಚಿಸೋ ಯೋಜನೆ) ಸೋತಿದ್ದು, ಆಮೇಲೆ ದಿನನಿತ್ಯದ ಆಡಳಿತ ಪಕ್ಷದ ಇನ್ನಿಬ್ಬರು ನಾಯಕರಾದ ಲಿಯು ಶಾವೋಚಿ, ಡೆಂಗ್ ಶಿಯಾವೋಪಿಂಗ್ ಕೈಗೆ ಹೋಗಿದ್ದು ನಿಮಗೆ ಗೊತ್ತಿರತ್ತೆ, ಅದನ್ನ ಬಿಡ್ತೀನಿ.

ತಾರೀಖು ಇಷ್ಟು ಸಾಕು. 1966 ಮೇ 16 ಕ್ರಾಂತಿ ಶುರು ಮಾಡಿದ ಕಮ್ಯುನಿಸ್ಟ್ ಪಕ್ಷದ ಸುತ್ತೋಲೆ. ಮೇ 29ಕ್ಕೆ ಬೀಜಿಂಗ್‌ನ ಚಿಂಗ್‌ಹುವಾ ಯೂನಿವರ್ಸಿಟಿಗೆ ಸೇರಿದ ಹೈಸ್ಕೂಲಿನ ಮಕ್ಕಳು ಮೊದಲ ರೆಡ್ ಗಾರ್ಡ್ ಗುಂಪು ಕಟ್ಟಿದ್ರು. ಆಗಸ್ಟ್ 18ಕ್ಕೆ ಟಿಯಾನನ್ಮೆನ್‌ನಲ್ಲಿ ಮಾವೋ ಎದುರು ಸುಮಾರು 10 ಲಕ್ಷ ಜನ, ನವೆಂಬರ್ ಒಳಗೆ ಇಂಥ 8 ರ‍್ಯಾಲಿ, ಒಟ್ಟು 1 ಕೋಟಿ ದಾಟ್ತು. ರೈಲು ಫ್ರೀ, ಹಾಗಾಗಿ ದೇಶದ ಮೂಲೆಮೂಲೆಯಿಂದ ಬಂದ್ರು.

ಈಗ ನಾನು ಸಿಕ್ಕಾಕೊಂಡ ಜಾಗ. ಎಲ್ಲರ ಕೈಲೂ ಮಾವೋ ಮಾತುಗಳ ಅದೇ ಕೆಂಪು ಪುಸ್ತಕ, ಎಲ್ಲರ ತೋಳಲ್ಲೂ ಅದೇ ಕೆಂಪು ಪಟ್ಟಿ, ಎಲ್ಲರೂ ಮಾವೋಗೇ ಜೈ ಅಂತಿದ್ದೋರು, ಹಾಗಿದ್ರೆ 1967-68ರಲ್ಲಿ ಒಬ್ರನ್ನೊಬ್ರು ಕೊಂದಿದ್ದು ಯಾಕೆ? ಪುಸ್ತಕದಲ್ಲಿ "ಕನ್ಸರ್ವೇಟಿವ್ ಬಣ, ರೆಬೆಲ್ ಬಣ" ಅಂತ ಇರತ್ತೆ, ನಾನು ಕನ್ಸರ್ವೇಟಿವ್ ಅಂದ್ರೆ ಮಾವೋ ವಿರೋಧಿಗಳು ಅನ್ಕೊಂಡು ಓದ್ತಿದ್ದೆ, ಅಲ್ಲೇ ಎಲ್ಲಾ ತಲೆಕೆಳಗಾಗಿದ್ದು. ಇಬ್ರೂ ಮಾವೋ ಭಕ್ತರೇ. ಕನ್ಸರ್ವೇಟಿವ್ ಅಂದ್ರೆ ತಮ್ಮೂರಿನ, ತಮ್ಮ ಸಂಸ್ಥೆಯ ಪಕ್ಷದ ಅಧಿಕಾರಿಗಳನ್ನ ಕಾಪಾಡೋಕೆ ನಿಂತೋರು, ರೆಬೆಲ್ ಅಂದ್ರೆ ಆ ಅಧಿಕಾರಿಗಳ ಮೇಲೆ ತಿರುಗಿಬಿದ್ದೋರು, ಅಷ್ಟೇ.

ನನ್ನ ಶಾರ್ಟ್‌ಕಟ್ ಎರಡೇ ಪ್ರಶ್ನೆ: ಇವರ ಅಪ್ಪ ಯಾರು? ಈಗ ಏಟು ಬೀಳ್ತಿರೋದು ಯಾರಿಗೆ?

ಬೇಸಿಗೆಯಲ್ಲಿ ಮೊದಲ ಗುಂಪುಗಳನ್ನ ಕಟ್ಟಿದ್ದು ಬಹುಪಾಲು ದೊಡ್ಡ ಅಧಿಕಾರಿಗಳ, ಸೇನಾಧಿಕಾರಿಗಳ ಮಕ್ಕಳು. "ಅಪ್ಪ ವೀರನಾದ್ರೆ ಮಗ ಗಟ್ಟಿಗ, ಅಪ್ಪ ಪ್ರತಿಗಾಮಿಯಾದ್ರೆ ಮಗ ನೀಚ" ಅನ್ನೋ ಅರ್ಥದ ಜೋಡಿಸಾಲು ಅವರ ಘೋಷಣೆ. ಏಟು ಬಿದ್ದಿದ್ದು ಮೇಷ್ಟ್ರುಗಳಿಗೆ, ಹಳೇ ಜಮೀನ್ದಾರರ ಮನೆಯವರಿಗೆ, ಗುಡಿಗಳಿಗೆ. ಬೀಜಿಂಗ್‌ನ ಒಂದು ಹೆಣ್ಣುಮಕ್ಕಳ ಹೈಸ್ಕೂಲಲ್ಲಿ ಉಪಪ್ರಾಂಶುಪಾಲೆ ಬಿಯಾನ್ ಚೊಂಗ್‌ಯುನ್ ಅವರನ್ನ ಆಗಸ್ಟ್ 5ಕ್ಕೆ ಅವರ ವಿದ್ಯಾರ್ಥಿನಿಯರೇ ಹೊಡೆದು ಸಾಯಿಸಿದ್ರು. ಅವರೇ ಪಾಠ ಮಾಡಿದ ಮಕ್ಕಳು. ಇದನ್ನ ಓದಿ ಸ್ವಲ್ಪ ಹೊತ್ತು ಪುಸ್ತಕ ಮುಚ್ಚಿಟ್ಟೆ. ಹದಿಮೂರು ದಿನಕ್ಕೆ ಅದೇ ಸ್ಕೂಲಿನ ಸೊಂಗ್ ಬಿನ್‌ಬಿನ್ ಟಿಯಾನನ್ಮೆನ್ ಮೇಲೆ ಮಾವೋ ತೋಳಿಗೆ ಕೆಂಪು ಪಟ್ಟಿ ಕಟ್ತಾಳೆ. ಹೆಸರು ಕೇಳಿದ ಮಾವೋ, ಬಿನ್‌ಬಿನ್ ಅಂದ್ರೆ ಸೌಮ್ಯ ಅಲ್ವಾ, ಯುದ್ಧಗುಣ ಬೇಕು ಅಂತಾರೆ. ಅವಳಪ್ಪ ಸೊಂಗ್ ರೆನ್‌ಚಿಯೊಂಗ್ ಪಕ್ಷದ ದೊಡ್ಡ ನಾಯಕ, ನೆನಪಿಟ್ಕೊಳ್ಳಿ.

ಅಕ್ಟೋಬರ್ ಹೊತ್ತಿಗೆ ಗುರಿ ಬದಲಾಯ್ತು. ಮಾವೋಗೆ ಬೇಕಿದ್ದಿದ್ದು ಮೇಷ್ಟ್ರುಗಳಲ್ಲ, ಪಕ್ಷದೊಳಗೆ ಅಧಿಕಾರದಲ್ಲಿದ್ದೋರು. ಅಂದ್ರೆ ಈ ಮಕ್ಕಳ ಅಪ್ಪಂದಿರು! ಮೊದಲ ಗುಂಪಿನ ಎಷ್ಟೋ ಮಕ್ಕಳು ಅಪ್ಪಂದಿರ ಕಡೆ ವಾಲಿದ್ರು, ಹುಟ್ಟಿನ ಹಿನ್ನೆಲೆ ಸರಿಯಿಲ್ಲ ಅಂತ ಇಷ್ಟು ದಿನ ಹೊರಗಿಟ್ಟಿದ್ದ ಮಕ್ಕಳಲ್ಲಿ ತುಂಬಾ ಜನ ರೆಬೆಲ್ ಆದ್ರು. ಸೊಂಗ್ ರೆನ್‌ಚಿಯೊಂಗ್ ಕೂಡ ಮುಂದೆ ಪದಚ್ಯುತರಾದ್ರು.

ಒಂದು ಎಚ್ಚರಿಕೆ, ಯೂನಿವರ್ಸಿಟಿಗಳಲ್ಲಿ ಅಪ್ಪನ ಪ್ರಶ್ನೆ ಸಾಕಾಗಲ್ಲ. ಅಲ್ಲಿ ಕೇಳ್ಬೇಕಿರೋದು ಜೂನ್-ಜುಲೈನಲ್ಲಿ ಲಿಯು, ಡೆಂಗ್ ಕಾಲೇಜುಗಳಿಗೆ ಕಳಿಸಿದ ವರ್ಕ್ ಟೀಮ್ (ಚಳವಳಿಯನ್ನ ಹತೋಟಿಯಲ್ಲಿಡೋ ಪಕ್ಷದ ತಂಡ) ಯಾರನ್ನ ತುಳೀತು ಅಂತ. ಚಿಂಗ್‌ಹುವಾದ ಕೆಮಿಕಲ್ ಇಂಜಿನಿಯರಿಂಗ್ ವಿದ್ಯಾರ್ಥಿ ಕ್ವಾಯ್ ದಾಫು ರೈತರ ಮನೆ ಹುಡುಗ, "ಒಳ್ಳೇ" ಹಿನ್ನೆಲೆ, ಆದ್ರೂ ವರ್ಕ್ ಟೀಮ್ ಅವನನ್ನ ಕೂಡಿಹಾಕ್ತು. ಹೊರಗೆ ಬಂದೋನು ಡಿಸೆಂಬರ್ 25ಕ್ಕೆ ಸಾವಿರಾರು ಜನರನ್ನ ಕಟ್ಕೊಂಡು ಲಿಯು ಶಾವೋಚಿ ಉರುಳಲಿ ಅಂತ ಬೀಜಿಂಗ್ ಬೀದಿಗಿಳಿದ.

ಕೊನೆ ಬೇಗ ಮುಗಿಯತ್ತೆ. 1968 ಜುಲೈ 27ಕ್ಕೆ, ಬಣಗಳ ಹೊಡೆದಾಟ ನಿಲ್ಲಿಸೋಕೆ, ಮಾವೋ ಸುಮಾರು 30,000 ಕಾರ್ಮಿಕರನ್ನ ಚಿಂಗ್‌ಹುವಾಗೆ ಕಳಿಸಿದ್ರು, ಕ್ವಾಯ್ ಕಡೆಯೋರು ತಿರುಗಿಬಿದ್ದು ಐದು ಜನ ಸತ್ತರು. ಡಿಸೆಂಬರ್ 22ರ ಪೀಪಲ್ಸ್ ಡೈಲಿಲಿ ಓದಿದ ಮಕ್ಕಳು ಹಳ್ಳಿಗೆ ಹೋಗಲಿ ಅನ್ನೋ ಮಾವೋ ಮಾತು. ಹತ್ತತ್ರ 1.7 ಕೋಟಿ ಯುವಕರು ಹೀಗೆ ಊರು ಬಿಟ್ಟರು ಅಂತ ಲೆಕ್ಕ.

ಇನ್ನೊಬ್ಬ ಯುವಕನ ಹೆಸರು ನಿಮ್ಮ ನೋಟ್ಸಲ್ಲಿ ಖಂಡಿತ ಇರ್ಲಿ: ಯು ಲುವೋಕೆ. ಅಪ್ಪ ಅಮ್ಮನಿಗೆ ಬಲಪಂಥೀಯರು ಅನ್ನೋ ಪಟ್ಟ ಇದ್ದಿದ್ರಿಂದ ಅವನಿಗೆ ಕಾಲೇಜು ಸಿಗಲಿಲ್ಲ, ಫ್ಯಾಕ್ಟರಿ ಸೇರಿದ. 1967 ಜನವರಿಲಿ, ಹುಟ್ಟಿನಿಂದ ಮನುಷ್ಯನನ್ನ ಅಳೆಯೋದು ತಪ್ಪು ಅಂತ ಅವನು ಬರೆದ ಲೇಖನ ಅಚ್ಚಾಯ್ತು. ಅಂದ್ರೆ ಆ ಜೋಡಿಸಾಲಿಗೆ ನೇರ ಉತ್ತರ. ಮುಂದಿನ ಜನವರಿಲಿ ಅರೆಸ್ಟ್. 1970 ಮಾರ್ಚ್ 5ಕ್ಕೆ, 27ನೇ ವಯಸ್ಸಲ್ಲಿ, ಅವನನ್ನ ಗುಂಡಿಟ್ಟು ಕೊಂದ್ರು. ನಿರಪರಾಧಿ ಅಂತ ಕೋರ್ಟು ಹೇಳಿದ್ದು 1979ರಲ್ಲಿ.