ಸುಟ್ಟ ತೋಟೆಯನ್ನು ಮತ್ತೆ ತುಂಬುವುದು: ಹಿತ್ತಾಳೆ, ಹಣ ಮತ್ತು ಹೊತ್ತಿನ ಲೆಕ್ಕ

ಅಮೆರಿಕದ ಗುರಿ ಹೊಡೆಯುವ ಮೈದಾನಗಳಲ್ಲಿ ಅಭ್ಯಾಸ ಮುಗಿದ ಮೇಲೆ ಕೆಲವರು ಕೋವಿಯನ್ನು ಚೀಲಕ್ಕೆ ಸೇರಿಸಿ, ಬಗ್ಗಿ ನೆಲದಿಂದ ಹಿತ್ತಾಳೆಯ ಖಾಲಿ ಕೋಶಗಳನ್ನು ಆಯತೊಡಗುತ್ತಾರೆ. ಹಾರಿಸಿದ ತೋಟೆಯಲ್ಲಿ ಗುಂಡು ಹೋಗಿರುತ್ತದೆ, ಮದ್ದು ಉರಿದು ಅನಿಲವಾಗಿರುತ್ತದೆ, ಮದ್ದಿಗೆ ಕಿಡಿ ಹೊತ್ತಿಸುವ ಕೇಪು ಸಿಡಿದು ಮುಗಿದಿರುತ್ತದೆ. ಆದರೆ ಇವೆಲ್ಲವನ್ನೂ ಒಳಗಿಟ್ಟುಕೊಂಡಿದ್ದ ಕೋಶ ಹೆಚ್ಚು ಕಡಿಮೆ ಹಾಗೆಯೇ ಉಳಿದಿರುತ್ತದೆ. ಅದಕ್ಕೆ ಹೊಸ ಕೇಪು, ಹೊಸ ಮದ್ದು, ಹೊಸ ಗುಂಡು ಸೇರಿಸಿದರೆ ತೋಟೆ ಮತ್ತೆ ಸಿದ್ಧ. ರೀಲೋಡಿಂಗ್ ಎಂದು ಕರೆಯುವ ಈ ಕೆಲಸಕ್ಕೆ ಕೈಹಾಕುವ ಪ್ರತಿಯೊಬ್ಬರೂ ಒಂದಲ್ಲ ಒಂದು ದಿನ ಕೇಳಿಕೊಳ್ಳುವ ಪ್ರಶ್ನೆ, ಇದಕ್ಕೆ ಹಿಡಿಯುವ ಹೊತ್ತಿಗೆ ತಕ್ಕ ಪ್ರತಿಫಲ ಇದೆಯೇ ಎಂಬುದು.

ಮಲೆನಾಡಿನ ಮತ್ತು ಕೊಡಗಿನ ಓದುಗರಿಗೆ ತೋಟೆಯ ಅಂಗಗಳನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೇಪಿನ ಕೋವಿಗೆ ನಳಿಗೆಯ ಬಾಯಿಂದ ಮದ್ದು ಸುರಿದು, ಸಲಾಕೆಯಿಂದ ಜಡಿದು, ಚರೆಯನ್ನೋ ಗುಂಡನ್ನೋ ಇಳಿಸಿ, ಹಿಂಬದಿಗೆ ಕೇಪು ಸಿಕ್ಕಿಸುವುದನ್ನು ಕಂಡವರು ಅಲ್ಲಿ ಇನ್ನೂ ಇದ್ದಾರೆ. ತೋಟೆಯೆಂದರೆ ಆ ನಾಲ್ಕು ಕೆಲಸಗಳನ್ನೂ ಮೊದಲೇ ಮಾಡಿ ಒಂದು ಕೋಶದಲ್ಲಿ ಮುಚ್ಚಿಟ್ಟ ಕಟ್ಟು. ಆದರೆ ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮು ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವುದನ್ನು ನಿಷೇಧಿಸುತ್ತದೆ. ಅಮೆರಿಕದಲ್ಲಿ ಸ್ವಂತ ಬಳಕೆಗೆ ತುಂಬಿಕೊಳ್ಳುವವರಿಗೆ ಒಕ್ಕೂಟ ಸರ್ಕಾರದ ಪರವಾನಗಿ ಬೇಕಿಲ್ಲ, ತಯಾರಿಸಿ ಮಾರುವ ವ್ಯವಹಾರಕ್ಕಷ್ಟೇ ಬೇಕು. ಆದ್ದರಿಂದ ಇಲ್ಲಿ ಮಾಡುವ ಲೆಕ್ಕವೆಲ್ಲ ಅಲ್ಲಿಯದು.

ಅಲ್ಲಿ ಈ ಹವ್ಯಾಸ ಬೇರೂರಲು ಒಂದು ಸಣ್ಣ ತಾಂತ್ರಿಕ ಆಕಸ್ಮಿಕವೂ ಕಾರಣ. 1860ರ ದಶಕದಲ್ಲಿ ಎರಡು ಬಗೆಯ ಕೇಪುಗಳು ರೂಪುಗೊಂಡವು. ಅಮೆರಿಕದ ಹೈರಮ್ ಬರ್ಡನ್ ರೂಪಿಸಿದ ಬಗೆಯಲ್ಲಿ, ಪೆಟ್ಟು ಬಿದ್ದಾಗ ಕೇಪಿನ ಸಿಡಿಮದ್ದು ಜಜ್ಜಿಕೊಳ್ಳುವ ಅಡಿಗಲ್ಲು ಕೋಶದ ಬುಡದಲ್ಲೇ ಇರುತ್ತದೆ, ಕಿಡಿ ಒಳಹೋಗುವ ರಂಧ್ರಗಳು ಸಾಮಾನ್ಯವಾಗಿ ಎರಡು, ಅವು ಅಂಚಿನ ಕಡೆ ಇರುತ್ತವೆ. ಬ್ರಿಟನ್ನಿನ ಎಡ್ವರ್ಡ್ ಬಾಕ್ಸರ್ ರೂಪಿಸಿದ ಬಗೆಯಲ್ಲಿ ಅಡಿಗಲ್ಲು ಕೇಪಿನೊಳಗೇ ಇದ್ದು, ಕೋಶದ ನಡುವೆ ಒಂದೇ ರಂಧ್ರವಿರುತ್ತದೆ. ನಡುವಿನ ಆ ರಂಧ್ರದ ಮೂಲಕ ಒಂದು ಕಡ್ಡಿ ತೂರಿಸಿ ಒತ್ತಿದರೆ ಸುಟ್ಟ ಕೇಪು ಕಳಚಿ ಬೀಳುತ್ತದೆ. ಬರ್ಡನ್ ಬಗೆಯಲ್ಲಿ ಅದು ಅಷ್ಟು ಸುಲಭವಲ್ಲ. ಬ್ರಿಟಿಷ್ ಅಧಿಕಾರಿಯ ಕೇಪು ಅಮೆರಿಕದ ರೂಢಿಯಾಯಿತು, ಅಮೆರಿಕನ್ನನ ಕೇಪು ಯೂರೋಪಿನಲ್ಲಿ ಹಬ್ಬಿತು. ಒಂದು ರಂಧ್ರದ ಸ್ಥಾನ ಹೀಗೆ ಇಡೀ ಹವ್ಯಾಸಕ್ಕೆ ದಾರಿ ಮಾಡಿಕೊಟ್ಟಿತು.

ಕೋಶವು ಮರುಬಳಕೆಗೆ ಬರುವುದಕ್ಕೆ ಹಿತ್ತಾಳೆಯ ಗುಣವೇ ಆಧಾರ. ಸುಮಾರು ಶೇ. 70ರಷ್ಟು ತಾಮ್ರ, ಶೇ. 30ರಷ್ಟು ಸತು ಬೆರೆತ ಈ ಲೋಹ ಹಾರಿಸಿದ ಕ್ಷಣದಲ್ಲಿ ಉಬ್ಬಿ ಕೋವಿಯ ಕೋಣೆಯ ಗೋಡೆಗೆ ಅಂಟಿಕೊಂಡು ಅನಿಲ ಹಿಂದಕ್ಕೆ ನುಗ್ಗದಂತೆ ತಡೆಯುತ್ತದೆ, ಒತ್ತಡ ಇಳಿದೊಡನೆ ಕೂದಲೆಳೆಯಷ್ಟು ಕುಗ್ಗಿ ಹೊರಬರಲು ಒಪ್ಪುತ್ತದೆ. .308 ವಿಂಚೆಸ್ಟರ್ ಎಂಬ ರೈಫಲ್ ತೋಟೆಗೆ ಅಮೆರಿಕದ ಉದ್ಯಮ ಮಾನಕದಲ್ಲಿ ಗೊತ್ತುಪಡಿಸಿರುವ ಗರಿಷ್ಠ ಒತ್ತಡ ಚದರ ಅಂಗುಲಕ್ಕೆ 62,000 ಪೌಂಡ್, ಅಂದರೆ ವಾಯುಮಂಡಲದ ಒತ್ತಡದ ನಾಲ್ಕು ಸಾವಿರ ಪಟ್ಟಿಗೂ ಹೆಚ್ಚು. ಅಷ್ಟನ್ನು ತಾಳಿ ಬಂದ ಕೋಶವನ್ನು ಉಕ್ಕಿನ ಅಚ್ಚಿನಲ್ಲಿ ಒತ್ತಿ ಮೊದಲಿನ ಅಳತೆಗೆ ತರಬೇಕಾಗುತ್ತದೆ. ಪ್ರತಿ ಸಲ ಉಬ್ಬಿಸಿ ಕುಗ್ಗಿಸಿದಾಗಲೂ ಹಿತ್ತಾಳೆಯ ಹರಳುಗಳೊಳಗಿನ ದೋಷಗಳು ಒಂದಕ್ಕೊಂದು ತೊಡರಿಕೊಂಡು ಲೋಹ ಗಡಸಾಗುತ್ತದೆ. ಕೊನೆಗೆ ಕುತ್ತಿಗೆ ಸೀಳುತ್ತದೆ, ಇಲ್ಲವೇ ಬುಡದ ಹತ್ತಿರ ಗೋಡೆ ತೆಳುವಾಗಿ ಕತ್ತರಿಸಿದಂತೆ ತುಂಡಾಗುತ್ತದೆ. ಕುತ್ತಿಗೆಯನ್ನಷ್ಟೇ ಹದವಾಗಿ ಕಾಯಿಸಿ ಮೆದುಗೊಳಿಸಿದರೆ ಕೋಶದ ಬಾಳಿಕೆ ಹೆಚ್ಚುತ್ತದೆ. ಬುಡವನ್ನು ಮಾತ್ರ ಎಂದಿಗೂ ಕಾಯಿಸಬಾರದು, ಏಕೆಂದರೆ ಒತ್ತಡವನ್ನು ಹೊರುವುದು ಅದರ ಗಡಸುತನ.

ಹಿತ್ತಾಳೆಯನ್ನು ಎಳೆದು ಒತ್ತಿದಾಗ ಅದರೊಳಗೆ ಉಳಿಯುವ ಬಿಗಿತದ ಬಗ್ಗೆ ಲೋಹವಿಜ್ಞಾನ ಮುಖ್ಯವಾದ ಪಾಠವೊಂದನ್ನು ಕಲಿತದ್ದು ನಮ್ಮ ನೆಲದ ಮಳೆಗಾಲದಿಂದ ಎಂಬುದು ಇಲ್ಲಿ ಹೇಳಲೇಬೇಕಾದ ಸಂಗತಿ. ಬ್ರಿಟಿಷ್ ಸೈನ್ಯ ಭಾರತದಲ್ಲಿ ಮಳೆಗಾಲದ ತಿಂಗಳುಗಳಲ್ಲಿ ಕುದುರೆ ಲಾಯಗಳಲ್ಲಿ ತೋಟೆಗಳನ್ನು ಕೂಡಿಡುತ್ತಿತ್ತು; ಮಳೆ ಮುಗಿದ ಮೇಲೆ ತೆರೆದು ನೋಡಿದರೆ ಯಾರೂ ಮುಟ್ಟದ ಕೋಶಗಳು ತಾವಾಗಿಯೇ ಬಿರುಕುಬಿಟ್ಟಿರುತ್ತಿದ್ದವು. ಋತುವಿನ ಬಿರುಕು ಎಂಬ ಹೆಸರು ಅದಕ್ಕೆ ಅಂಟಿತು. 1921ರಲ್ಲಿ ಮೂರ್, ಬೆಕಿನ್‌ಸೇಲ್ ಮತ್ತು ಮ್ಯಾಲಿನ್‌ಸನ್ ಎಂಬ ಸಂಶೋಧಕರು ಕಾರಣವನ್ನು ವಿವರಿಸಿದರು: ಕುದುರೆಯ ಮೂತ್ರದಿಂದೇಳುವ ಅಮೋನಿಯ, ಕೋಶವನ್ನು ಎಳೆದು ರೂಪಿಸುವಾಗ ಲೋಹದಲ್ಲಿ ಉಳಿದ ಬಿಗಿತದೊಂದಿಗೆ ಸೇರಿ, ಹರಳುಗಳ ಅಂಚುಗುಂಟ ಬಿರುಕು ಓಡಿಸುತ್ತಿತ್ತು. ಕಾಯಿಸಿ ಬಿಗಿತ ತೆಗೆದ ಕೋಶಗಳಿಗೆ ಈ ರೋಗವಿಲ್ಲ. ಅನುಭವಿಗಳು ಇಂದಿಗೂ ಅಮೋನಿಯವಿರುವ ಹೊಳಪಿನ ದ್ರಾವಣಗಳನ್ನು ತೋಟೆಯ ಕೋಶಗಳಿಗೆ ಮುಟ್ಟಿಸುವುದಿಲ್ಲ.

ಇನ್ನು ಹಣದ ಮಾತು. ಬೆಲೆಗಳು ಏರಿಳಿಯುವುದರಿಂದ, ಮುಂದಿನ ಅಂಕಿಗಳನ್ನು ಲೆಕ್ಕದ ದಾರಿ ತೋರಿಸಲು ಇಟ್ಟುಕೊಂಡ ಮಾದರಿ ಬೆಲೆಗಳೆಂದೇ ಓದಬೇಕು. ಮೊದಲು ಜಗತ್ತಿನಲ್ಲೇ ಅತಿ ಸಾಮಾನ್ಯವಾದ ಪಿಸ್ತೂಲಿನ ತೋಟೆ, 9 ಮಿ.ಮೀ. ಕಾರ್ಖಾನೆಯದು 25 ಸೆಂಟ್‌ಗೆ ಸಿಗುತ್ತದೆ ಎನ್ನೋಣ. ಮನೆಯಲ್ಲಿ ತುಂಬಿದರೆ ಗುಂಡಿಗೆ 9, ಕೇಪಿಗೆ 7, ಮದ್ದಿಗೆ 4, ಒಟ್ಟು 20 ಸೆಂಟ್. ಕೋಶ ನೆಲದಿಂದ ಆಯ್ದದ್ದು, ಪುಕ್ಕಟೆ. ಉಳಿತಾಯ 5 ಸೆಂಟ್. ಸನ್ನೆಯನ್ನು ಒಮ್ಮೆ ಎಳೆದರೆ ಒಂದು ತೋಟೆ ಹೊರಬರುವ ಪ್ರೋಗ್ರೆಸಿವ್ ಯಂತ್ರಕ್ಕೂ ಜೊತೆಯ ಸಲಕರಣೆಗಳಿಗೂ 1,000 ಡಾಲರ್ ಹಾಕಿದ್ದರೆ, ಆ ಹಣ ಮರಳುವುದು 20,000 ತೋಟೆಗಳನ್ನು ತುಂಬಿದ ಮೇಲೆ. ಕೋಶಗಳನ್ನು ಬೇರ್ಪಡಿಸುವುದು, ತೊಳೆಯುವುದು, ಕೇಪುಗಳನ್ನು ಕೊಳವೆಗೆ ತುಂಬುವುದು, ಕೊನೆಗೆ ಒಂದೊಂದನ್ನೂ ಪರೀಕ್ಷಿಸುವುದು, ಇವನ್ನೆಲ್ಲ ಸೇರಿಸಿದರೆ ಗಂಟೆಗೆ 300 ತುಂಬಬಹುದು ಎಂದಿಟ್ಟುಕೊಂಡರೂ, ಯಂತ್ರದ ಹಣ ಮರಳಿದ ನಂತರವೇ ನಿಮ್ಮ ಗಂಟೆಗೆ 15 ಡಾಲರ್ ದಕ್ಕುತ್ತದೆ. ಈ ತೋಟೆಯನ್ನು ಕಾರ್ಖಾನೆಗಳು ಲಕ್ಷ ಲಕ್ಷಗಟ್ಟಲೆ ಉರುಳಿಸುತ್ತಿರುವಾಗ ಕೈಕೆಲಸಕ್ಕೆ ಉಳಿಯುವ ಲಾಭ ಅಷ್ಟೇ.

ರೈಫಲ್ ತೋಟೆಯ ಕಥೆ ಬೇರೆ. ಸ್ಪರ್ಧೆಗೆ ತಕ್ಕ ಗುಣಮಟ್ಟದ .308 ತೋಟೆ ಅಂಗಡಿಯಲ್ಲಿ 175 ಸೆಂಟ್ ಎನ್ನೋಣ. ಮದ್ದನ್ನು ಅಲ್ಲಿ ಪೌಂಡಿನ ಲೆಕ್ಕದಲ್ಲಿ ಮಾರಿ ಗ್ರೇನ್ ಲೆಕ್ಕದಲ್ಲಿ ತೂಗುತ್ತಾರೆ. ಪೌಂಡಿಗೆ 7,000 ಗ್ರೇನ್, ಒಂದು ಗ್ರೇನ್ ನಮ್ಮ ಅಕ್ಕಸಾಲಿಗರ ಗುಲಗಂಜಿ ತೂಕದ ಸುಮಾರು ಅರ್ಧ. ತೋಟೆಗೆ 40 ಗ್ರೇನ್ ಎಂದು ಲೆಕ್ಕಕ್ಕಾಗಿ ಹಿಡಿದರೆ ಪೌಂಡಿಗೆ 175 ತೋಟೆ. ಪೌಂಡಿನ ಬೆಲೆ 45 ಡಾಲರ್ ಆದರೆ ತೋಟೆಗೆ 26 ಸೆಂಟ್. ಗುಂಡಿಗೆ 50, ಕೇಪಿಗೆ 10, ಹತ್ತು ಸಲ ಬಾಳುವ 90 ಸೆಂಟ್‌ನ ಕೋಶಕ್ಕೆ ಸಲಕ್ಕೆ 9, ಒಟ್ಟು 95. ಉಳಿತಾಯ 80 ಸೆಂಟ್. ಒಂದೊಂದೇ ಹಂತ ಮಾಡುವ ಸರಳ ಯಂತ್ರಕ್ಕೂ ತಕ್ಕಡಿಗೂ ಅಚ್ಚುಗಳಿಗೂ 500 ಡಾಲರ್ ಹಾಕಿದ್ದರೆ 625 ತೋಟೆಗೆ ಹಣ ಮರಳುತ್ತದೆ. ಕೆಲಸ ನಿಧಾನ, ಗಂಟೆಗೆ 40 ತುಂಬಿದರೆ ಹೆಚ್ಚು. ಆದರೂ ಗಂಟೆಯ ಬೆಲೆ 32 ಡಾಲರ್. ಬೇಗ ಸಾಗುವ ಕೆಲಸದ ಗಂಟೆಗೆ ಕಡಿಮೆ, ನಿಧಾನವಾಗಿ ಸಾಗುವುದಕ್ಕೆ ಹೆಚ್ಚು ಬೆಲೆ ಬಂತು.

ಈ ಲೆಕ್ಕದಲ್ಲಿ ಜನ ಸಾಮಾನ್ಯವಾಗಿ ಎರಡು ಕಡೆ ತಪ್ಪುತ್ತಾರೆ. ಹತ್ತು ವರ್ಷದ ಹಿಂದೆ ಅಗ್ಗಕ್ಕೆ ಕೊಂಡಿಟ್ಟ ಕೇಪಿಗೆ ಅಂದಿನ ಬೆಲೆಯನ್ನೇ ಬರೆದುಕೊಳ್ಳುವುದು ಮೊದಲನೆಯದು. ಇಂದು ಅದನ್ನು ಬಳಸಿದರೆ ಮತ್ತೆ ಕೊಳ್ಳಬೇಕಾದದ್ದು ಇಂದಿನ ಬೆಲೆಗೆ, ಆದ್ದರಿಂದ ಬರೆಯಬೇಕಾದದ್ದೂ ಇಂದಿನದೇ. ಎರಡನೆಯದು, ತೋಟೆ ಅಗ್ಗವಾದಾಗ ಮೊದಲಿನಷ್ಟೇ ಹಾರಿಸುತ್ತೇವೆ ಎಂದು ನಂಬುವುದು. ಉಗಿಯಂತ್ರಗಳು ಕಲ್ಲಿದ್ದಲನ್ನು ಮಿತವಾಗಿ ಉರಿಸಲು ಕಲಿತಷ್ಟೂ ದೇಶದ ಕಲ್ಲಿದ್ದಲಿನ ಬಳಕೆ ಹೆಚ್ಚುತ್ತದೆ ಎಂದು ಅರ್ಥಶಾಸ್ತ್ರಜ್ಞ ವಿಲಿಯಂ ಸ್ಟ್ಯಾನ್ಲಿ ಜೆವನ್ಸ್ 1865ರಲ್ಲಿ ತೋರಿಸಿದ್ದು ಇಲ್ಲಿಗೂ ಸಲ್ಲುತ್ತದೆ. ತಿಂಗಳ ಖರ್ಚು ಇಳಿಯದೆ, ಹಾರಿಸುವ ಸಂಖ್ಯೆ ಏರುತ್ತದೆ. ಅಭ್ಯಾಸ ಹೆಚ್ಚಬೇಕೆಂಬುದೇ ಗುರಿಯಾಗಿದ್ದರೆ ಅದು ಒಳ್ಳೆಯದೇ, ಆದರೆ ಅದನ್ನು ಉಳಿತಾಯ ಎನ್ನಲಾಗದು.

ಕೊರತೆಯ ಕಾಲದಲ್ಲಿ ಮನೆಯ ದಾಸ್ತಾನು ಕೈಹಿಡಿಯುತ್ತದೆ ಎಂಬ ವಾದವೂ ಇದೆ, ಅದಕ್ಕೆ ಚರಿತ್ರೆಯ ಬಲವಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಗುಂಡುಗಳು ಸಿಗದಿದ್ದಾಗ ಕ್ಯಾಲಿಫೋರ್ನಿಯದ ಓರೋವಿಲ್‌ನ ಫ್ರೆಡ್ ಹಂಟಿಂಗ್‌ಟನ್, .22 ತೋಟೆಯ ಖಾಲಿ ಕೋಶಗಳನ್ನೇ ಗುಂಡಿನ ಹೊದಿಕೆಯಾಗಿ ಒತ್ತುವ ಅಚ್ಚುಗಳನ್ನು ಮಾಡಿ ಮಾರತೊಡಗಿದರು. ಆರ್‌ಸಿಬಿಎಸ್ ಎಂಬ ಸಲಕರಣೆಗಳ ಸಂಸ್ಥೆ ಹುಟ್ಟಿದ್ದು ಹಾಗೆ. ಯುದ್ಧ ಮುಗಿದ ಮೇಲೆ ಬ್ರೂಸ್ ಹಾಜ್ಡನ್ ಸೈನ್ಯದ ಹೆಚ್ಚುವರಿ ಮದ್ದನ್ನು ಕೊಂಡು ಅಗ್ಗಕ್ಕೆ ಮಾರಿದ್ದರಿಂದ ಹವ್ಯಾಸ ಹರಡಿತು. ಆದರೆ 2013ರಲ್ಲೂ 2020–21ರಲ್ಲೂ ಅಮೆರಿಕದ ಅಂಗಡಿಗಳಲ್ಲಿ ತೋಟೆಗಳು ಬರಿದಾದಾಗ ಕೇಪುಗಳೂ ಮಾಯವಾದವು. ಗುಂಡನ್ನು ಮನೆಯಲ್ಲಿ ಸೀಸದಿಂದ ಎರಕ ಹೊಯ್ಯಬಹುದು, ಕೋಶವನ್ನು ಆಯಬಹುದು. ಕೇಪನ್ನು ಮಾತ್ರ ಕಾರ್ಖಾನೆಯೇ ಕೊಡಬೇಕು, ಅಂಥ ಕಾರ್ಖಾನೆಗಳು ಆ ದೇಶದಲ್ಲಿ ಬೆರಳೆಣಿಕೆಯವು. ಮೊದಲೇ ಕೂಡಿಟ್ಟವನನ್ನು ಮಾತ್ರ ಈ ವಿದ್ಯೆ ಕೊರತೆಯಿಂದ ಕಾಯುತ್ತದೆ.

ಹಣಕ್ಕಿಂತ ಹೆಚ್ಚಾಗಿ ಜನರನ್ನು ಈ ಮೇಜಿಗೆ ಎಳೆಯುವುದು ನಿಖರತೆಯ ಆಸೆ. ತನ್ನ ನಳಿಗೆಗೆ ಒಪ್ಪುವ ಗುಂಡು, ಒಪ್ಪುವ ಪ್ರಮಾಣದ ಮದ್ದು, ಪ್ರತಿ ಸಲವೂ ಒಂದೇ ವೇಗ. 100 ಮೀಟರಿನಲ್ಲಿ ಇದರಿಂದ ಆಗುವ ಲಾಭ ಕಣ್ಣಿಗೆ ಕಾಣದಷ್ಟು: ರೈಫಲ್ ಗುಂಡು ಅಷ್ಟು ದೂರ ಸಾಗಲು ಸೆಕೆಂಡಿನ ಎಂಟನೆಯ ಒಂದು ಭಾಗ ಸಾಕು, ಅಷ್ಟರಲ್ಲಿ ಗುರುತ್ವ ಅದನ್ನು ಏಳೆಂಟು ಸೆಂಟಿಮೀಟರ್ ಇಳಿಸುತ್ತದೆ, ವೇಗದಲ್ಲಿ ಶೇ. 1ರ ವ್ಯತ್ಯಾಸ ಬಂದರೆ ಇಳಿತ ಬದಲಾಗುವುದು ಒಂದೂವರೆ ಮಿಲಿಮೀಟರಿನಷ್ಟು. ಆದರೆ 1,000 ಗಜದಲ್ಲಿ ಅದೇ ಶೇ. 1ರ ವ್ಯತ್ಯಾಸ .308 ಗುಂಡನ್ನು 20 ಸೆಂಟಿಮೀಟರಿಗೂ ಮಿಕ್ಕಿ ಮೇಲೆಯೋ ಕೆಳಗೋ ಒಯ್ಯುತ್ತದೆ. 1907ರಿಂದ ರಾಷ್ಟ್ರೀಯ ಪಂದ್ಯಗಳು ನಡೆಯುತ್ತ ಬಂದಿರುವ ಒಹಾಯೊದ ಕ್ಯಾಂಪ್ ಪೆರಿಯಲ್ಲಿ ದೂರದ ಗುರಿಗೆ ನಿಲ್ಲುವವರು ಒಂದೊಂದು ತೋಟೆಯ ಮದ್ದನ್ನು ತೂಗುವುದು ಇದಕ್ಕಾಗಿ.

ಆದರೆ ಹೊತ್ತು ಅತಿ ಹೆಚ್ಚು ಪೋಲಾಗುವುದೂ ಇಲ್ಲಿಯೇ ಎಂಬುದು ನನ್ನ ದೃಢ ಅಭಿಪ್ರಾಯ. ಮದ್ದಿನ ಪ್ರಮಾಣವನ್ನು ಚೂರು ಚೂರೇ ಬದಲಿಸುತ್ತ, ಪ್ರತಿಯೊಂದಕ್ಕೂ ಐದೈದು ತೋಟೆ ಹಾರಿಸಿ, ಎಲ್ಲಕ್ಕಿಂತ ಒತ್ತಾಗಿ ಬಿದ್ದ ಐದನ್ನು ಕೋವಿಗೆ ಪ್ರಿಯವಾದ ಪ್ರಮಾಣವೆಂದು ಘೋಷಿಸುವುದು ರೂಢಿ. ಸಂಖ್ಯಾಶಾಸ್ತ್ರ ಇದನ್ನು ಒಪ್ಪುವುದಿಲ್ಲ. ಐದು ಗುಂಡುಗಳ ವೇಗ ಅಳೆದಾಗ ಪ್ರಮಾಣಿತ ವಿಚಲನೆ, ಅಂದರೆ ವೇಗಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆ, ಸೆಕೆಂಡಿಗೆ 10 ಅಡಿ ಎಂದು ಬಂದರೆ, ಶೇ. 95ರ ಭರವಸೆಯಲ್ಲಿ ನಿಜವಾದ ವಿಚಲನೆ 6ರಿಂದ 29ರವರೆಗೆ ಎಲ್ಲಿ ಬೇಕಾದರೂ ಇರಬಹುದು. ಮೂವತ್ತು ಹಾರಿಸಿ ಅಷ್ಟೇ ಬಂದರೆ 8ರಿಂದ 13.4ರ ನಡುವೆ ಎನ್ನಬಹುದು. ಹತ್ತು ಪ್ರಮಾಣಗಳನ್ನು ಐದೈದು ಸಲ ಪರೀಕ್ಷಿಸಿದರೆ, ಅವುಗಳಲ್ಲಿ ನಿಜವಾದ ಭೇದ ಒಂದಿಷ್ಟೂ ಇಲ್ಲದಿದ್ದರೂ ಒಂದು ಗುಂಪು ಉಳಿದವುಗಳಿಗಿಂತ ಚೆಂದ ಕಾಣಲೇಬೇಕು. ಹೀಗೆ ಕಳೆದ ಐವತ್ತು ತೋಟೆ ಮತ್ತು ಎರಡು ಶನಿವಾರಗಳಿಗಿಂತ, ಕಾರ್ಖಾನೆಯ ಒಳ್ಳೆಯ ತೋಟೆ ಮೂವತ್ತು, ತಾನು ತುಂಬಿದ್ದು ಮೂವತ್ತು ಹಾರಿಸಿ ಹೋಲಿಸಿದರೆ ಹೆಚ್ಚು ತಿಳಿಯುತ್ತದೆ.

ಲೆಕ್ಕಕ್ಕೆ ಸೇರಬೇಕಾದ ಇನ್ನೊಂದು ಬಾಬತ್ತು ಗಮನ. ಪಿಸ್ತೂಲಿನ ಮದ್ದು ಕೋಶದ ತಳದಲ್ಲಿ ಚೂರೇ ಜಾಗ ಹಿಡಿಯುವುದರಿಂದ ಹಲವು ತೋಟೆಗಳಲ್ಲಿ ಎರಡು ಪಾಲು ಬಿದ್ದರೂ ಉಕ್ಕಿ ಚೆಲ್ಲುವುದಿಲ್ಲ, ಹಾರಿಸಿದಾಗ ಕೋವಿಯೇ ಒಡೆಯಬಹುದು. ಮದ್ದು ಬೀಳದೇ ಹೋದರೆ ಕೇಪಿನ ಬಲದಿಂದಷ್ಟೇ ಗುಂಡು ನಳಿಗೆಯ ನಡುವೆ ಸಿಕ್ಕಿಕೊಳ್ಳುತ್ತದೆ, ಅದರ ಹಿಂದೆ ಮತ್ತೊಂದು ಹಾರಿಸಿದರೆ ನಳಿಗೆ ಉಬ್ಬುತ್ತದೆ ಅಥವಾ ಸೀಳುತ್ತದೆ. ಕೇಪಿನಲ್ಲಿರುವ ಸೀಸದ ಸ್ಟಿಫ್ನೇಟ್ ಎಂಬ ಸಿಡಿಮದ್ದು ಸುಟ್ಟು ಉಳಿದ ವಿಷದ ಪುಡಿ, ಕೋಶಗಳನ್ನು ಒಣಗಾಗಿ ಉರುಳಿಸಿ ಉಜ್ಜುವಾಗ ಗಾಳಿಗೆ ಏಳುತ್ತದೆ. ನೀರಿನಲ್ಲಿ ತೊಳೆಯುವುದು, ಕೈ ತೊಳೆಯುವುದು, ಮಕ್ಕಳು ಓಡಾಡುವ ಕೋಣೆಯಲ್ಲಿ ಈ ಕೆಲಸ ಮಾಡದಿರುವುದು ಕಡ್ಡಾಯ. ಮದ್ದಿನ ಪ್ರಮಾಣದ ಪ್ರಕಟಿತ ಕೋಷ್ಟಕವನ್ನು ಮೀರದೆ, ದೂರವಾಣಿಯನ್ನೂ ಮಾತನ್ನೂ ಆಚೆಗಿಟ್ಟು ಮಾಡಬೇಕಾದ ಈ ಗಂಟೆಯನ್ನು, ದಿನದ ದುಡಿಮೆಯಿಂದ ದಣಿದು ಬಂದವನು ಬಿಡುವಿನ ಗಂಟೆಯೆಂದು ಎಣಿಸಬಾರದು.

ವರ್ಷಕ್ಕೊಮ್ಮೆ ಜಿಂಕೆಯ ಬೇಟೆಗೆ ಹೋಗಿ, ಅಭ್ಯಾಸವೂ ಸೇರಿ 40 ತೋಟೆ ಹಾರಿಸುವ ಅಮೆರಿಕದ ಬೇಟೆಗಾರನಿಗೆ ಯಂತ್ರದ ಹಣ ಮರಳುವ ಆ 625 ತೋಟೆಗಳ ಗಡಿ ಮುಟ್ಟಲು ಹದಿನೈದು ವರ್ಷ ಮೀರುತ್ತದೆ. ಅವನು ಎರಡು ಪೆಟ್ಟಿಗೆ ಕೊಂಡು ಸುಮ್ಮನಿರುವುದೇ ಸರಿ. ವಾರಕ್ಕೆ 60 ಹಾರಿಸುವ ಸ್ಪರ್ಧಿ ಹನ್ನೊಂದನೆಯ ವಾರಕ್ಕೆ ಅದನ್ನು ದಾಟುತ್ತಾನೆ. ಅಜ್ಜನ ಕಾಲದ ಮಾರ್ಟಿನಿ-ಹೆನ್ರಿಯಂಥ ಕೋವಿಯನ್ನು ಇಟ್ಟುಕೊಂಡವನಿಗೆ ಅಂಗಡಿಯಲ್ಲಿ ತೋಟೆ ಸಿಗುವುದೇ ಅಪರೂಪ, ಸಿಕ್ಕರೂ ಬೆಲೆ ವಿಪರೀತ. ಅಂಥವನು ಗಂಟೆಯ ಲೆಕ್ಕ ಹಾಕಲು ಕೂರುವುದಿಲ್ಲ. ಅವನ ಮೇಜಿನ ಮೇಲೆ ಇಪ್ಪತ್ತು ಕೋಶಗಳು ಇರುತ್ತವೆ, ಅವುಗಳ ಕುತ್ತಿಗೆ ಸೀಳದಂತೆ ಇನ್ನೆಷ್ಟು ಸಲ ಕಾಯಿಸಿ ತುಂಬಬಹುದು ಎಂಬುದನ್ನೇ ಅವನು ಎಣಿಸುತ್ತಿರುತ್ತಾನೆ.